ಗ್ರಹಣ ಹಿಡಿದ ಈಜುಕೊಳ

ಹ್ಯಾರೋ
8 ಏಪ್ರಿಲ್ 2025

ಶ್ರೀಮತಿ ವಿಶಾಲಾಕ್ಷಿ ಶರಣಬಸವ ಅವರಿಗೆ,

ನಮಸ್ಕಾರ. ಒಂದೇ ಗೋಡೆಯ ಆಚೆ ಈಚೆ ಇರುವ ನಾವು ಪತ್ರ ಬರೆದುಕೊಳ್ಳುವುದು ವಿಚಿತ್ರವೇ. ಆದರೆ ಈ ದೇಶದ ಕಾನೂನು ಹಾಗಿದೆ. ಗೋಡೆ ಹಂಚಿಕೊಂಡ ಮನೆಯವರು ಹತ್ತಿರದಲ್ಲಿ ಹಳ್ಳ ತೋಡಿಸುವುದಾದರೆ ಪಕ್ಕದವರಿಗೆ ಬರವಣಿಗೆಯಲ್ಲೇ ತಿಳಿಸಬೇಕಂತೆ, ಬಾಯಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ. ಬಾಯಲ್ಲಿ ಹೇಳುವ ಸ್ಥಿತಿಯಲ್ಲಿ ನಾವೂ ಇಲ್ಲ, ಹಾಗಾಗಿ ಕಾನೂನು ನಮಗೆ ಅನುಕೂಲವೇ ಆಗಿದೆ.

ನಮ್ಮ ಹಿತ್ತಲಲ್ಲಿ ಈಜುಕೊಳ ಹಾಕಿಸುತ್ತಿದ್ದೇವೆ. ಇಟ್ಟಿಗೆ ಸಿಮೆಂಟಿನದಲ್ಲ, ಫೈಬರ್‌ಗ್ಲಾಸಿನದು. ಕಾರ್ಖಾನೆಯಿಂದ ಇಡಿಯಾಗಿ ಒಂದು ದೊಡ್ಡ ತೊಟ್ಟಿಯ ಹಾಗೆ ಬರುತ್ತದೆ. ಹಳ್ಳ ತೋಡಿ, ಜಲ್ಲಿ ಹಾಸಿ, ಅದರಲ್ಲಿ ಕೂರಿಸುವುದು. ನಮ್ಮ ಮನೆಯ ಮುಂದೆ ಟೆಲಿಫೋನ್ ತಂತಿಗಳಿರುವುದರಿಂದ ಕ್ರೇನ್ ನಿಲ್ಲಿಸಲಾಗದು. ನಿಮ್ಮದು ಮೂಲೆ ಮನೆ. ಪಕ್ಕದ ರಸ್ತೆಯಲ್ಲಿ ಕ್ರೇನ್ ನಿಲ್ಲಿಸಿ, ನಿಮ್ಮ ಹಿತ್ತಲ ಮೇಲಿಂದ ತೊಟ್ಟಿಯನ್ನು ದಾಟಿಸಬೇಕು. ಮಣ್ಣು ತೋಡುವ ಸಣ್ಣ ಯಂತ್ರವೂ ನಿಮ್ಮ ಪಕ್ಕದ ಗೇಟಿನಿಂದಲೇ ಬರಬೇಕು. ನಡುವಿನ ಬೇಲಿ ಹೇಗೂ ಬಿದ್ದೇ ಇದೆ.

ನಿಮ್ಮ ಒಪ್ಪಿಗೆಯನ್ನು ಬರೆದು ತಿಳಿಸಬೇಕಾಗಿ ವಿನಂತಿ.

ಇಂತಿ,
ಡಾ. ಕೃಷ್ಣವೇಣಿ ತಿರುಮಲೇಶ


12 ಏಪ್ರಿಲ್ 2025

ಡಾ. ಕೃಷ್ಣವೇಣಿ ಅವರಿಗೆ,

ನಿಮ್ಮ ಪತ್ರ ಬಾಗಿಲ ಸಂದಿಯಿಂದ ಬಂದು ಬಿತ್ತು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಅಂತ ಇಷ್ಟು ದಿನ ಸುಮ್ಮನಿದ್ದೆ. ಒಂದಲ್ಲ ಒಂದು ದಿನ ನೀವು ಬರುತ್ತೀರಿ ಅಂತ ಗೊತ್ತಿತ್ತು. ಕ್ರೇನ್ ಹಿಡಿದುಕೊಂಡು ಬರುತ್ತೀರಿ ಅಂತ ಗೊತ್ತಿರಲಿಲ್ಲ.

ಹೌದು, ಬೇಲಿ ಬಿದ್ದೇ ಇದೆ. ಮೂರು ವರ್ಷದ ಹಿಂದಿನ ಬಿರುಗಾಳಿಗೆ ಬಿತ್ತು. ಅದನ್ನು ಎಬ್ಬಿಸಿ ನಿಲ್ಲಿಸುವ ಕೆಲಸ ನಿಮ್ಮದು ಎಂದು ನಮ್ಮವರು, ನಮ್ಮದು ಎಂದು ನಿಮ್ಮವರು. ಒಬ್ಬರು ಎಕ್ಸ್‌ರೇ ನೋಡುವ ಡಾಕ್ಟರು, ಒಬ್ಬರು ಅರಿವಳಿಕೆ ಕೊಡುವ ಡಾಕ್ಟರು, ಇಬ್ಬರೂ ಸೇರಿ ವಕೀಲರಾದರು. ಆ ವಾದ ಮುಗಿಯುವ ಮುಂಚೆ ನಮ್ಮವರೇ ಹೋದರು. ನಿಮ್ಮವರು ಸ್ಮಶಾನಕ್ಕೆ ಬಂದು, ಕೊನೆಯ ಸಾಲಿನಲ್ಲಿ ನಿಂತು, ಒಂದು ಮಾತೂ ಆಡದೆ ಹೊರಟುಹೋದರು.

ಹಳ್ಳ ತೋಡುವುದು ನಿಮ್ಮಿಷ್ಟ. ಆದರೆ ನನ್ನ ಹಿತ್ತಲ ಮೇಲಿನ ದಾರಿಗೆ ಒಪ್ಪಿಗೆ ಇಲ್ಲ. ಅಲ್ಲಿ ನನ್ನ ಗಾಜಿನ ಮನೆ ಇದೆ, ಅದರೊಳಗೆ ನಮ್ಮವರು ಒಂದು ಕಡ್ಡಿಯಿಂದ ಬೆಳೆಸಿದ ಕರಿಬೇವು ಇದೆ. ಈ ವಯಸ್ಸಿನಲ್ಲಿ ನಿಮಗೆ ಈಜುಕೊಳದ ಶೋಕಿ ಯಾಕೆ ಬಂತೋ ಆ ದೇವರೇ ಬಲ್ಲ.

ವಿಶಾಲಾಕ್ಷಿ


20 ಏಪ್ರಿಲ್ 2025

ವಿಶಾಲಾಕ್ಷಿಯವರೇ,

ಶೋಕಿಯಲ್ಲ. ಹೋದ ಆಗಸ್ಟ್‌ನಲ್ಲಿ ನಮ್ಮ ಮನೆಗೆ ಆಂಬುಲೆನ್ಸ್ ಬಂದದ್ದನ್ನು ನೀವು ನೋಡಿರುತ್ತೀರಿ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳುತ್ತೇನೆ. ಇವರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸೋತವು. ಮಾತೂ ಹೋಯಿತು. ನಾವು ಹೇಳುವುದೆಲ್ಲ ಅರ್ಥವಾಗುತ್ತದೆ, ಆದರೆ ಪದ ಬಾಯಿಗೆ ಬರುವುದಿಲ್ಲ. ಒಂದು ವಿಷಯಕ್ಕೆ ಹತ್ತು ಪಾಯಿಂಟ್ ಹಾಕುತ್ತಿದ್ದ ಮನುಷ್ಯ ಈಗ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಾರೆ.

ಫಿಸಿಯೋಥೆರಪಿಗೆ ಪ್ರಾಚಿ ಅಂತ ಒಬ್ಬ ಹುಡುಗಿ ಬರುತ್ತಾಳೆ. ಅವಳು ಹೇಳುವ ಪ್ರಕಾರ ಕಾಲಿನಲ್ಲಿ ಇನ್ನೂ ಶಕ್ತಿಯಿದೆ. ಇರುವುದು ಬೀಳುವ ಭಯ. ಎದೆಮಟ್ಟದ ನೀರಿನಲ್ಲಿ ಮೈ ಹಗುರವಾಗುತ್ತದೆ, ದಿನಾ ಅಭ್ಯಾಸ ಮಾಡಿಸಿದರೆ ನಡೆಯುತ್ತಾರೆ. ಹೀಗೇ ಕೂತರೆ ಉಳಿದಿರುವುದೂ ಹೋಗುತ್ತದೆ. ಕೌನ್ಸಿಲ್‌ನ ಸಾರ್ವಜನಿಕ ಈಜುಕೊಳಕ್ಕೆ ಒಂದು ಸಲ ಕರೆದುಕೊಂಡು ಹೋಗಿದ್ದೆ. ಅಲ್ಲಿ ಇವರ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದ್ದ ನರ್ಸ್ ಒಬ್ಬಳು ಗುರುತು ಹಿಡಿದು ಪ್ರೀತಿಯಿಂದಲೇ ಓಡಿಬಂದಳು. ಇವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಮತ್ತೆ ಆ ಕಡೆ ಕರೆದರೆ ಕುರ್ಚಿಯ ಕೈ ಬಿಡುವುದಿಲ್ಲ. ನೀರೇ ಮನೆಗೆ ಬರಲಿ ಎಂದು ಹೊರಟದ್ದು ಅದಕ್ಕೆ.

ಇನ್ನೊಂದು ಮಾತು. ಶರಣಬಸವ ಅವರು ಹೋದ ದಿನ ನಿಮ್ಮ ಮನೆಗೆ ಅನ್ನ ಸಾರು ಕಳಿಸಿದ್ದೆ. ಡಬ್ಬಿ ಖಾಲಿ ವಾಪಸ್ ಬಂತು. ಮೈಸೂರಿನಲ್ಲಾಗಲಿ ಧಾರವಾಡದಲ್ಲಾಗಲಿ ಯಾರೂ ಪಾತ್ರೆ ಖಾಲಿ ಹಿಂದಿರುಗಿಸುವುದಿಲ್ಲ, ಒಂದು ಚಮಚ ಸಕ್ಕರೆಯಾದರೂ ಹಾಕುತ್ತಾರೆ. ಇನ್ನು ಬರಬೇಡಿ ಎಂದು ಹೇಳಿದ ಹಾಗಾಯಿತು. ಅದಕ್ಕೇ ನಾನು ನಿಮ್ಮ ಬಾಗಿಲು ತಟ್ಟಲಿಲ್ಲ.

ಕೃಷ್ಣವೇಣಿ


3 ಮೇ 2025

ಕೃಷ್ಣವೇಣಿಯವರೇ,

ಆ ದಿನ ನನ್ನ ಮನೆಯಲ್ಲಿ ಸಕ್ಕರೆ ಎಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಇಲ್ಫರ್ಡ್‌ನಿಂದ ಬಂದ ನೆಂಟರು ಯಾರೋ ಡಬ್ಬಿ ತೊಳೆದು ನಿಮ್ಮ ಮೆಟ್ಟಿಲ ಮೇಲೆ ಇಟ್ಟು ಬಂದರಂತೆ. ಅಷ್ಟು ವರ್ಷ ಸಾವು ನೋವು ನೋಡಿದ ಡಾಕ್ಟರು ನೀವು, ಸತ್ತವರ ಮನೆಯ ಡಬ್ಬಿಯಲ್ಲಿ ಸಕ್ಕರೆ ಹುಡುಕಿದಿರಿ. ಇದನ್ನು ಓದಿ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು, ಆಮೇಲೆ ನಗು ಬಂತು. ಮೂರನ್ನೂ ಮುಗಿಸಿಕೊಂಡು ಬರೆಯುತ್ತಿರುವುದರಿಂದ ತಡವಾಯಿತು.

ನಿನ್ನೆ ಅಡುಗೆಮನೆ ಕಿಟಕಿಯಿಂದ ನೋಡಿದೆ. ನಿಮ್ಮ ಮಗಳು ಮಾಳವಿಕಾ ಮ್ಯಾಂಚೆಸ್ಟರ್‌ನಿಂದ ಬಂದಿದ್ದಳಲ್ಲ, ಅಪ್ಪನನ್ನು ಬಿಸಿಲಿಗೆ ಕೂರಿಸಿ ಏಳಿಸಲು ನೋಡುತ್ತಿದ್ದಳು. ಡಾಕ್ಟರು ಅರ್ಧ ಎದ್ದರು, ಮತ್ತೆ ಕೂತರು. ಅವಳು ಏನೋ ತಮಾಷೆ ಮಾಡಿ ನಕ್ಕಳು, ಆಮೇಲೆ ಒಳಗೆ ಹೋಗಿ ಕಣ್ಣು ಒರೆಸಿಕೊಂಡಳು. ಬೇಲಿ ಇದ್ದಿದ್ದರೆ ನನಗೆ ಇದು ಕಾಣುತ್ತಿರಲಿಲ್ಲ. ಕಂಡಮೇಲೆ ಇಲ್ಲ ಎನ್ನುವುದು ನನ್ನಿಂದ ಆಗುವುದಿಲ್ಲ.

ಕ್ರೇನ್ ಬರಲಿ. ಆದರೆ ಗಾಜಿನ ಮನೆಯನ್ನು ಮೊದಲು ಖಾಲಿ ಮಾಡಬೇಕು. ಕರಿಬೇವಿನ ಕುಂಡ ಕೆಲಸ ಮುಗಿಯುವ ತನಕ ನಿಮ್ಮ ಮನೆಯಲ್ಲಿ, ಬೆಳಗಿನ ಬಿಸಿಲು ಬೀಳುವ ಕಡೆ ಇರಬೇಕು. ಪ್ರೀತಿ ಹೆಚ್ಚಾಗಿ ದಿನಾ ನೀರು ಸುರಿದರೆ ಬೇರು ಕೊಳೆಯುತ್ತದೆ. ಅದು ಹೋದರೆ ನಾನು ಸಹಿಸುವುದಿಲ್ಲ, ಈಗಲೇ ಹೇಳಿದ್ದೇನೆ.

ವಿಶಾಲಾಕ್ಷಿ


21 ಜುಲೈ 2025

ವಿಶಾಲಾಕ್ಷಿಯವರಿಗೆ,

ಕೊಳ ಬಂದು ಕೂತಿತು. ಕ್ರೇನ್ ಬಂದ ದಿನ ನೀವು ಪರದೆ ಎಳೆದುಕೊಂಡು ಒಳಗಿದ್ದಿರಿ. ಪರದೆಯ ಅಂಚು ಮಾತ್ರ ಅಲ್ಲಾಡುತ್ತಿತ್ತು, ಆದ್ದರಿಂದ ನೀವು ಎಲ್ಲ ನೋಡಿದಿರಿ ಎಂದು ನನಗೆ ಗೊತ್ತು. ಆದರೂ ನನ್ನ ಕಡೆಯಿಂದ ಹೇಗೆ ಕಂಡಿತು ಎಂದು ಬರೆಯುತ್ತೇನೆ.

ಆ ನೀಲಿ ತೊಟ್ಟಿ ನಿಮ್ಮ ಗಾಜಿನ ಮನೆಯ ಮೇಲೆ ಬರುವಾಗ ಗಾಳಿಗೆ ಒಮ್ಮೆ ತಿರುಗಿತು. ನನ್ನ ಜೀವ ಬಾಯಿಗೆ ಬಂತು. ಮಾಳವಿಕಾ ‘ಅಮ್ಮಾ, ಇಟ್ಸ್ ಫ್ಲೈಯಿಂಗ್’ ಎಂದು ಚಪ್ಪಾಳೆ ತಟ್ಟಿದಳು. ಇವರು ಕುರ್ಚಿಯಲ್ಲಿ ಕೂತು ತಲೆಯೆತ್ತಿ ನೋಡುತ್ತಲೇ ಇದ್ದರು. ಒಂದು ವರ್ಷದಲ್ಲಿ ಅವರು ಯಾವುದನ್ನಾದರೂ ಅಷ್ಟು ಆಸೆಯಿಂದ ನೋಡಿದ್ದನ್ನು ನಾನು ಕಂಡಿರಲಿಲ್ಲ.

ಇಳಿಸಿದ ಮೇಲಿನ ಕೆಲಸ ತಾಳ್ಮೆಯದು. ಒಳಗೆ ನೀರು ತುಂಬುತ್ತಾ ಹೋಗಬೇಕು, ಹೊರಗಿನ ಸಂದಿಗೆ ಜಲ್ಲಿ ತುಂಬುತ್ತಾ ಹೋಗಬೇಕು, ಎರಡೂ ಒಟ್ಟೊಟ್ಟಿಗೆ ಏರಬೇಕು. ಒಂದು ಮುಂದಾದರೂ ಗೋಡೆ ಉಬ್ಬುತ್ತದಂತೆ. ಮೇಸ್ತ್ರಿ ಗ್ಯಾರಿ ಹೋಗುವಾಗ ‘ನಮಗೆ ಹೇಳದೆ ಯಾವತ್ತೂ ಖಾಲಿ ಮಾಡಬೇಡಿ, ಡಾಕ್ಟರ್’ ಎಂದ. ಈ ದೇಶದವರಿಗೆ ಬೇಸಿಗೆ ಬಂದರೆ ನೀರು ಉಳಿಸುವ ಚಿಂತೆ.

ಮೆಟ್ಟಿಲಿಗೆ ಹಿಡಿ, ನೀರು ಬಿಸಿ ಮಾಡುವ ಯಂತ್ರ, ಸುತ್ತಲಿನ ಕಲ್ಲುಹಾಸು ಎಲ್ಲ ಮುಗಿಯುವುದು ಸೆಪ್ಟೆಂಬರ್‌ಗೆ. ಪ್ರಾಚಿ ವಾರಕ್ಕೊಂದೇ ದಿನ ಬರಬಲ್ಲಳು. ಉಳಿದ ದಿನ ಇವರ ಜೊತೆ ನೀರಿಗಿಳಿಯುವವರು ಯಾರು ಎಂಬುದು ಈಗಿನ ಚಿಂತೆ. ಮೊಣಕಾಲು ದಾಟಿದ ನೀರಿಗೆ ನಾನು ಜನ್ಮದಲ್ಲಿ ಇಳಿದವಳಲ್ಲ. ಕಾವೇರಿಯಲ್ಲೂ ತಲೆಗೆ ಪ್ರೋಕ್ಷಣೆ ಮಾಡಿಕೊಂಡು ಬಂದವಳು.

ಕರಿಬೇವನ್ನು ಕಳಿಸಿದ್ದೇನೆ. ಒಂದು ಕೊಂಬೆ ಬೋಳಾಗಿದೆ, ಕ್ಷಮಿಸಿ. ಇವರು ಪಕ್ಕದಲ್ಲೇ ಕೂತು ಸೋತ ಕೈಯಲ್ಲಿ ಒಂದೊಂದೇ ಎಲೆ ಕಿತ್ತು ಮೂಸಿ ನೋಡುತ್ತಿದ್ದರು. ಬೆರಳು ಆಡುತ್ತಿದೆಯಲ್ಲ ಎಂಬ ಸಂತೋಷಕ್ಕೆ ನಾನು ತಡೆಯಲಿಲ್ಲ.

ಕೃಷ್ಣವೇಣಿ


2 ಆಗಸ್ಟ್ 2025

ಕೃಷ್ಣವೇಣಿಯವರಿಗೆ,

ಬೋಳು ಕೊಂಬೆಯಲ್ಲಿ ಆಗಲೇ ಚಿಗುರು ಬಂದಿದೆ. ಕಿತ್ತರೆ ಬರುವ ಗಿಡ ಅದು. ನಮ್ಮವರು ಹಾಗೇ ಹೇಳುತ್ತಿದ್ದರು.

ಪತ್ರದ ಜೊತೆ ನಿಮ್ಮ ಡಬ್ಬಿ ಇದೆ. ಹೌದು, ಅದೇ ಡಬ್ಬಿ. ನೀವು ಅದನ್ನು ಕರಿಬೇವಿನ ಕುಂಡದ ಜೊತೆ ಖಾಲಿ ಕಳಿಸಿದ್ದು ಸುಮ್ಮನೆಯಲ್ಲ ಎಂದು ನನಗೂ ಗೊತ್ತಾಗುತ್ತದೆ. ಒಳಗೆ ಕರಿಬೇವಿನ ಚಟ್ನಿಪುಡಿ ಇದೆ. ಖಾರ ನಮ್ಮ ಕಡೆಯದು, ನೋಡಿಕೊಂಡು ತಿನ್ನಿ.

ನೀರಿನ ಭಯದ ಬಗ್ಗೆ ಓದಿ ಆಶ್ಚರ್ಯವಾಯಿತು. ನನ್ನ ಅಜ್ಜನ ಹೊಲದಲ್ಲಿ ಮೆಟ್ಟಿಲಿರುವ ಬಾವಿ ಇತ್ತು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಅಜ್ಜ ನನ್ನನ್ನು ನೀರಿಗೆ ದಬ್ಬಿದ. ಅತ್ತೆ, ಕೂಗಿದೆ, ಆಮೇಲೆ ನೋಡಿದರೆ ತೇಲುತ್ತಿದ್ದೆ. ಮದುವೆಯಾಗುವ ತನಕ ಬೇಸಿಗೆಯೆಲ್ಲ ಆ ಬಾವಿಯಲ್ಲೇ ಕಳೆದವಳು ನಾನು. ಇಲ್ಲಿಗೆ ಬಂದಮೇಲೆ ಎಲ್ಲ ಬಿಟ್ಟುಹೋಯಿತು. ಯಾಕೆ ಹೇಳಿದೆ ಅಂದರೆ, ಸುಮ್ಮನೆ ಹೇಳಿದೆ.

ವಿಶಾಲಾಕ್ಷಿ


10 ಸೆಪ್ಟೆಂಬರ್ 2025

ವಿಶಾಲಾಕ್ಷಿ,

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎಲ್ಲ ನನ್ನ ಕೈಯಾರೆ.

ಭಾನುವಾರ ಸಂಜೆ ಚಂದ್ರಗ್ರಹಣವಾಯಿತಲ್ಲ, ಅದು ಕುಂಭ ರಾಶಿಯಲ್ಲಿ. ಇವರದ್ದು ಕುಂಭ ರಾಶಿ. ಮಂಗಳವಾರ ಇವರನ್ನು ಮೊದಲ ಸಲ ನೀರಿಗಿಳಿಸಬೇಕೆಂದು ದಿನ ನೋಡಿಟ್ಟಿದ್ದೆ. ಗ್ರಹಣ ಬಿಟ್ಟ ಮೇಲೆ ಹಂಡೆ ಕೊಡಗಳ ನೀರೆಲ್ಲ ಚೆಲ್ಲಿ ಹೊಸ ನೀರು ತುಂಬಿಸುವುದನ್ನು ನೋಡಿಕೊಂಡೇ ಬೆಳೆದವಳು ನಾನು. ಅವರ ರಾಶಿಗೇ ಹಿಡಿದ ಗ್ರಹಣ, ಆ ನೀರಿಗೇ ಅವರನ್ನು ಹೇಗೆ ಇಳಿಸಲಿ? ಇಷ್ಟು ವರ್ಷ ಜಿಪಿ ಡಾಕ್ಟರಾಗಿ ಊರಿಗೆಲ್ಲ ಬುದ್ಧಿ ಹೇಳಿದವಳು, ಸೋಮವಾರ ಬೆಳಗ್ಗೆ ಬಾಡಿಗೆಗೆ ಪಂಪ್ ತರಿಸಿ ಕೊಳವನ್ನು ತಳ ಕಾಣುವ ತನಕ ಬರಿದು ಮಾಡಿದೆ. ಇವರು ಕುರ್ಚಿಯಲ್ಲಿ ಕೂತು ತಲೆ ಅಲ್ಲಾಡಿಸುತ್ತಾ ಕೋಲು ಕುಟ್ಟುತ್ತಲೇ ಇದ್ದರು. ನನಗೆ ಅತ್ತ ನೋಡುವ ಪುರುಸೊತ್ತಿರಲಿಲ್ಲ.

ಒಂದು ವಾರದಿಂದ ಮಳೆ. ನಮ್ಮ ಹಿತ್ತಲದ್ದು ಜೇಡಿಮಣ್ಣು, ನೀರು ಇಂಗದೆ ತೊಟ್ಟಿಯ ಕೆಳಗೇ ನಿಂತಿತ್ತು. ಮಂಗಳವಾರ ಬೆಳಗ್ಗೆ ಎದ್ದು ನೋಡಿದರೆ ತೊಟ್ಟಿಯ ಒಂದು ಕಡೆ ನೆಲದಿಂದ ಮೇಲೆದ್ದು ದೋಣಿಯ ಹಾಗೆ ವಾಲಿದೆ. ಸುತ್ತ ಹಾಸಿದ ಕಲ್ಲುಗಳೆಲ್ಲ ಎದ್ದಿವೆ. ಒಳಗಿನ ನೀರಿನ ಭಾರವೇ ಅದನ್ನು ಹಿಡಿದು ಕೂರಿಸಿತ್ತಂತೆ.

ಗ್ಯಾರಿ ಬಂದ. ‘ಖಾಲಿ ಮಾಡಬೇಡಿ ಎಂದಿದ್ದೆನಲ್ಲ ಡಾಕ್ಟರ್, ಯಾಕೆ ಮಾಡಿದಿರಿ?’ ಎಂದು ಕೇಳಿದ. ‘ಚಂದ್ರಗ್ರಹಣ ಇತ್ತು’ ಎಂದೆ. ಅವನು ಆಕಾಶ ನೋಡಿದ, ನನ್ನನ್ನು ನೋಡಿದ, ಆಮೇಲೆ ಕ್ರೇನಿನವರಿಗೆ ಫೋನ್ ಮಾಡಿದ.

ತೊಟ್ಟಿ ಒಡೆದಿಲ್ಲ, ಪುಣ್ಯ. ಆದರೆ ಅದನ್ನು ಎತ್ತಿ, ಕೆಳಗೆ ಮತ್ತೆ ಜಲ್ಲಿ ಹಾಸಿ, ಅಡಿಯ ನೀರು ಹೊರತೆಗೆಯಲು ಒಂದು ಕೊಳವೆ ಇಟ್ಟು ಮತ್ತೆ ಕೂರಿಸಬೇಕು. ಮತ್ತೆ ನಿಮ್ಮ ಹಿತ್ತಲ ದಾರಿಯೇ ಬೇಕು. ಈ ಚಳಿಗಾಲವನ್ನೂ ಕುರ್ಚಿಯಲ್ಲೇ ಕಳೆದರೆ ಆಮೇಲೆ ಕಷ್ಟ ಎಂದು ಪ್ರಾಚಿ ಹೇಳಿದ್ದಾಳೆ. ಇವರು ನಿನ್ನೆಯಿಂದ ಕಿಟಕಿಯ ಕಡೆ ಮುಖ ಮಾಡಿಲ್ಲ. ನನಗೆ ತುಂಬ ಭಯವಾಗಿದೆ.

ಕೃಷ್ಣವೇಣಿ


11 ಸೆಪ್ಟೆಂಬರ್ 2025

ಅಕ್ಕಾ,

ನಕ್ಕೆ, ಮುಚ್ಚಿಡುವುದಿಲ್ಲ. ಓದಿ ಓದಿ ಮರುಳಾದ ಕೂಚುಭಟ್ಟ ಎನ್ನುವ ಮಾತನ್ನು ಯಾರಿಗಾದರೂ ಹೇಳಬೇಕು ಅಂತ ಬಹಳ ದಿನದಿಂದ ಇಟ್ಟುಕೊಂಡಿದ್ದೆ, ಅದು ನಿಮಗಾಯಿತು. ಗ್ರಹಣ ಗಿರಹಣ ನಮ್ಮ ಮನೆಯಲ್ಲಿ ಹಿಡಿಯುವುದಿಲ್ಲ. ಭಾನುವಾರ ನಾನು ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿನ್ನುತ್ತಾ ಮೋಡದ ಸಂದಿಯಲ್ಲಿ ಚಂದ್ರನನ್ನು ಹುಡುಕುತ್ತಿದ್ದೆ. ಅಲ್ಲ, ನಿಮ್ಮ ಶಾಸ್ತ್ರದಲ್ಲೇ ಒಂದು ಎಳೆ ದರ್ಭೆ ಹಾಕಿಟ್ಟರೆ ನೀರಿಗೆ ದೋಷವಿಲ್ಲ ಎನ್ನುತ್ತಾರಲ್ಲ? ಉಪ್ಪಿನಕಾಯಿ ಜಾಡಿಗೆ ಹಾಕುವವರಿಗೆ ಕೊಳಕ್ಕೊಂದು ಎಳೆ ಹಾಕಬೇಕೆಂದು ಹೊಳೆಯಲಿಲ್ಲವೇ?

ನಗು ಮುಗಿಯಿತು. ದಾರಿಯನ್ನು ಕೇಳುವುದೇ ಬೇಡ. ಗ್ಯಾರಿಗೆ ನಾನೇ ಗೇಟಿನ ಕೀಲಿ ಕೊಟ್ಟು ಬಂದಿದ್ದೇನೆ. ಕರಿಬೇವಿನ ಕುಂಡವನ್ನು ಮತ್ತೆ ನಿಮ್ಮ ಮೆಟ್ಟಿಲ ಮೇಲಿಟ್ಟಿದ್ದೇನೆ. ಡಾಕ್ಟರ ಕುರ್ಚಿಯ ಬಲಗಡೆ ಇಡಿ, ಎಷ್ಟು ಬೇಕಾದರೂ ಕೀಳಲಿ.

ಈ ಸಲ ನನ್ನದು ಒಂದೇ ಷರತ್ತು. ಕೊಳ ಕೂತ ಮೇಲೆ ಮೊದಲು ಇಳಿಯುವವಳು ನಾನು. ಪಂಚಾಂಗ ತೆಗೆಯಬೇಡಿ, ನೀರು ಬೆಚ್ಚಗಾದ ದಿನ ಗೋಡೆ ತಟ್ಟಿ.

ವಿಶಾಲಾ


19 ಅಕ್ಟೋಬರ್ 2025

ವಿಶಾಲಾ,

ಇವತ್ತು ಬೆಳಗ್ಗೆ ನೀನು ಒದ್ದೆ ತಲೆಯಲ್ಲೇ ಮನೆಗೆ ಹೋದೆ. ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇವರು ಮೆಟ್ಟಿಲ ಹಿಡಿಯನ್ನು ಅಷ್ಟು ಬಿಗಿಯಾಗಿ ಹಿಡಿದು ನಿಂತಾಗ ನಾನು ಇದು ಆಗುವುದಿಲ್ಲ ಎಂದೇ ತೀರ್ಮಾನಿಸಿದ್ದೆ. ಹಬೆಯಾಡುವ ನೀರಿನ ನಡುವೆ ನೀನು ಹಳೆಯ ಚೂಡಿದಾರದಲ್ಲಿ ನಿಂತು ಕೈ ಚಾಚಿದೆ. ‘ಡಾಕ್ಟರ, ನನ್ನ ಕೈ ಹಿಡೀರಿ. ಮುಳುಗಿದ್ರ ಇಬ್ಬರೂ ಮುಳುಗೋಣು. ಕೆಳಗ ನೆಲ ಅದ, ನಾ ನೋಡೇನಿ’ ಎಂದೆ. ಇವರ ಮುಖ ಸೊಟ್ಟಗಾಯಿತು. ಅಳುತ್ತಾರೇನೋ ಎಂದುಕೊಂಡೆ. ನಗುತ್ತಿದ್ದರು. ಆಮೇಲೆ ಹಿಡಿ ಬಿಟ್ಟು ನಿನ್ನ ಕೈ ಹಿಡಿದರು.

ಆ ಕಡೆಯ ಅಂಚಿನ ತನಕ ಹೋಗಿ ಬಂದಿರಿ. ಬಲಗಾಲು ಎಳೆಯುತ್ತಿತ್ತು, ಆದರೆ ಅದು ನಡಿಗೆಯೇ. ನಾನು ದಂಡೆಯ ಮೇಲೆ ನಿಂತು ಟವೆಲ್ ಹಿಡಿದುಕೊಂಡು ಅತ್ತೆ. ನಿನ್ನನ್ನು ಇಷ್ಟು ದಿನ ಒಬ್ಬಳನ್ನೇ ಬಿಟ್ಟೆನಲ್ಲ ಎಂದೂ ಅತ್ತೆ.

ನಾಳೆಯೂ ಬರುತ್ತೀಯಲ್ಲ? ಚಳಿ ಹೆಚ್ಚಾದರೆ ಮೇಲೊಂದು ಟೆಂಟ್ ಹಾಕಿಸುತ್ತೇನೆ. ವಸಂತ ಬಂದ ಮೇಲೆ ಆ ಬೇಲಿಯನ್ನೂ ನಾನೇ ಸರಿ ಮಾಡಿಸುತ್ತೇನೆ. ಅದು ಯಾರದ್ದು ಎಂದು ಇನ್ನು ಯಾರೂ ಕೇಳುವುದು ಬೇಡ.

ನಿನ್ನ
ಅಕ್ಕ


22 ಮಾರ್ಚ್ 2026

ಅಕ್ಕಾ,

ಒಂದೂವರೆ ವರ್ಷದಲ್ಲಿ ಮೊದಲ ಸಲ ಧೈರ್ಯ ಮಾಡಿ ಮಾಳವಿಕಾಳ ಮನೆಗೆ ಹೋಗಿದ್ದೀರಿ, ಫೋನ್ ಮಾಡಿ ಕಾಟ ಕೊಡಬಾರದು ಅಂತ ಬರೆದಿಡುತ್ತಿದ್ದೇನೆ. ಡಾಕ್ಟರು ಚೆನ್ನಾಗಿದ್ದಾರೆ. ನೀವು ಮಾಡಿಟ್ಟು ಹೋದ ಸಪ್ಪೆ ಹುಳಿ ನಿನ್ನೆ ಉಳಿಯಿತು, ನನ್ನ ಝುಣಕ ಖಾಲಿಯಾಯಿತು.

ಬೇಲಿಯವರು ಸೋಮವಾರ ಬರುತ್ತೇವೆ ಎಂದಿದ್ದರಲ್ಲ, ಇವತ್ತೇ ಬಂದರು. ಹೊಸ ಕಂಬ, ಹಲಗೆ ಎಲ್ಲ ನನ್ನ ಗೇಟಿನಿಂದ ಒಳಗೆ ತಂದಿಟ್ಟರು. ಎಲ್ಲಿಂದ ಎಲ್ಲಿಗೆ ಹಾಕಬೇಕು ಎಂದು ಕೇಳಿದರು. ನನಗೆ ಹೇಳಲು ಮನಸ್ಸು ಬರಲಿಲ್ಲ. ನೀವು ಬರುವ ತನಕ ತಡೆಯಿರಿ ಎನ್ನಬೇಕೆಂದಿದ್ದೆ.

ಅಷ್ಟರಲ್ಲಿ ನಿಮ್ಮ ಹಿಂಬಾಗಿಲು ತೆರೆಯಿತು. ಡಾಕ್ಟರು ಕೋಲು ಹಿಡಿದುಕೊಂಡು ಹೊರಗೆ ಬಂದರು, ಒಬ್ಬರೇ. ನಾನು ಓಡಿಹೋಗಿ ಹಿಡಿಯಲಿಲ್ಲ, ನೀರಿನಲ್ಲಿ ಅಷ್ಟು ದಿನ ಕಲಿಸಿದ್ದು ಯಾತಕ್ಕೆ? ಕೊಳದ ಪಕ್ಕದಿಂದ ನಿಧಾನ ನಡೆದು ಹಳೆ ಬೇಲಿಯ ಗೆರೆಯ ತನಕ ಬಂದು ನಿಂತರು. ಎಷ್ಟು ವಾದ ಮಾಡಿದ್ದರು ಆ ಗೆರೆಯ ಮೇಲೆ, ನಮ್ಮವರೂ ಅವರೂ. ಈಗ ಜಾಗ ತೋರಿಸುತ್ತಾರೆ ಎಂದುಕೊಂಡೆ.

ಅವರು ಕಂಬಗಳನ್ನು ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಬೇಲಿಯವರು ಕಾದರು. ಆಮೇಲೆ ‘ಬೇಡ’ ಎಂದರು. ಸ್ಪಷ್ಟವಾಗಿ, ಅಕ್ಕಾ, ಮೊದಲಿನ ದನಿಯಲ್ಲಿ. ಬೇಲಿಯವರಿಗೆ ಕನ್ನಡ ಅರ್ಥವಾಗಲಿಲ್ಲ, ನಾನೇ ಹೇಳಬೇಕಾಯಿತು. ಕಂಬ ಹಲಗೆಗಳನ್ನೆಲ್ಲ ವಾಪಸ್ ಒಯ್ದರು. ನಿಮ್ಮನ್ನು ಕೇಳದೆ ಕಳಿಸಿದೆ, ಬೈಯುವುದಾದರೆ ನನ್ನನ್ನೇ ಬೈಯಿರಿ.

ಡಾಕ್ಟರು ಅಲ್ಲಿಗೇ ನಿಲ್ಲಲಿಲ್ಲ. ಗೆರೆ ದಾಟಿ, ಗಾಜಿನ ಮನೆಯ ಮುಂದೆ ಹಾದು, ನನ್ನ ಅಡುಗೆಮನೆಗೆ ಬಂದು, ನಮ್ಮವರ ಕುರ್ಚಿಯಲ್ಲಿ ಕೂತರು. ನಮ್ಮವರು ಹೋದಮೇಲೆ ಆ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಟ್ಟಿರಲಿಲ್ಲ ನಾನು. ಡಾಕ್ಟರು ಏಳಬಾರದು ಅನ್ನಿಸಿತು. ಚಹಾ ಕೊಟ್ಟೆ, ಬಲಗೈಯಲ್ಲೇ ಲೋಟ ಹಿಡಿದರು. ಸ್ವಲ್ಪ ಚೆಲ್ಲಿತು, ಒರೆಸಿದೆ.

ಈಗಲೂ ಇಲ್ಲೇ ಕೂತಿದ್ದಾರೆ, ಕರಿಬೇವು ಬಿಡಿಸುತ್ತಾ. ಈ ಪತ್ರವನ್ನು ನಿಮ್ಮ ಅಡುಗೆಮನೆಯಲ್ಲಿ ಡಬ್ಬಿಯ ಕೆಳಗೆ ಇಟ್ಟು ಬರುತ್ತೇನೆ. ಸಂಜೆ ನೀವು ಬಂದಾಗ ಮನೆ ಖಾಲಿ ಕಂಡರೆ ಗಾಬರಿಯಾಗಬೇಡಿ. ಊಟಕ್ಕೆ ಇಲ್ಲಿಗೇ ಬನ್ನಿ. ಮುಂಬಾಗಿಲಿನಿಂದ ಸುತ್ತಿ ಬರಬೇಡಿ.

ನಿಮ್ಮ
ವಿಶಾಲಾ